ಕಾಶಾ: ಪೋಲೆಂಡಿನ ಒಂದು ಮುದ್ದಿನ ಹೆಸರು

ಕೇಳುಗರಿಗೆ ನಮಸ್ಕಾರ.

ಕೆ, ಎ, ಎಸ್, ಐ, ಎ. ಪೋಲೆಂಡಿನ ಹೆಣ್ಣುಮಗಳ ಹೆಸರು ಹೀಗೆ ಬರೆದಿದ್ದರೆ ನಾವು ‘ಕಾಸಿಯಾ’ ಎಂದು ಓದಿಬಿಡುತ್ತೇವೆ. ಅದು ‘ಕಾಶಾ’. ಪೋಲಿಷ್‌ ಬರವಣಿಗೆಯಲ್ಲಿ ಎಸ್ ಮತ್ತು ಇನ್ನೊಂದು ಸ್ವರದ ನಡುವೆ ಬರುವ ಐಗೆ ಸ್ವಂತ ದನಿಯಿಲ್ಲ. ಸಕಾರವನ್ನು ಮೆದುವಾಗಿಸಿ ಶಕಾರ ಮಾಡುವುದಷ್ಟೇ ಅದರ ಕೆಲಸ.

ಶ, ಷ ಭೇದವನ್ನು ನಾವು ಬರೆಯುವಾಗ ಉಳಿಸಿಕೊಂಡು ಮಾತಿನಲ್ಲಿ ಬಹುಮಟ್ಟಿಗೆ ಕೈಬಿಟ್ಟಿದ್ದೇವೆ. ಅಲ್ಲಿ ಅದು ಜೀವಂತ. ‘ಕಾಶಾ’ ಎಂದರೆ ಹುಡುಗಿ. ನಾಲಿಗೆ ಹಿಂದಕ್ಕೆಳೆದು ‘ಕಾಷಾ’ ಎಂದರೆ ಬೇಯಿಸಿ ತಿನ್ನುವ ನುಚ್ಚು!

ದಾಖಲೆಯ ಹೆಸರು ಕತಝಿನಾ. ಒತ್ತು ‘ಝಿ’ ಮೇಲೆ. ಇದು ಗ್ರೀಕರ ಐಕತೆರೀನೆ, ಇಂಗ್ಲಿಷಿನ ಕ್ಯಾಥರೀನ್. ಅರ್ಥ ‘ಪರಿಶುದ್ಧೆ’ ಎಂದು ಎಲ್ಲೆಡೆ ಹೇಳುತ್ತಾರೆ. ಆದರೆ ಶುದ್ಧ ಎಂಬರ್ಥದ ಗ್ರೀಕ್ ಪದ ‘ಕಥರೋಸ್’ ಈ ಹೆಸರಿಗೆ ಅಂಟಿಕೊಂಡದ್ದು ಆಮೇಲೆ, ದನಿಯ ಹೋಲಿಕೆಯಿಂದ. ಮೂಲ ಹೆಸರಿನಲ್ಲಿ ಇರುವುದು ತಕಾರ, ಥಕಾರವಲ್ಲ. ಅದರ ನಿಜವಾದ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮುದ್ದಿನ ಹೆಸರು ಕಟ್ಟುವ ಬಗೆ ಸರಳ: ಹೆಸರಿನ ಮೊದಲ ತುಣುಕು ಉಳಿಸಿ ‘ಶಾ’ ಸೇರಿಸುವುದು. ಬಾರ್ಬರಾ ಬಾಶಾ ಆಗುತ್ತಾಳೆ, ಝೋಫಿಯಾ ಝೋಶಾ. ಯೊವಾನ್ನಾ ಮಾತ್ರ ಯೊವಾಶಾ ಆಗಿ, ತಲೆಯನ್ನೂ ಕಳೆದುಕೊಂಡು ‘ಆಶಾ’ ಎಂದು ಉಳಿಯುತ್ತಾಳೆ. ನಮ್ಮ ಆಶಾಳಿಗೂ ಇವಳಿಗೂ ನಂಟಿಲ್ಲ. ಯೊವಾನ್ನಾ ಹೀಬ್ರೂ ಮೂಲದ್ದು, ದೇವರು ಕೃಪಾಳು ಎಂಬ ಅರ್ಥ.

ಹೊಸಬರು ಎಡವುವುದು ಕರೆಯುವಾಗ. ಎದುರಿಗಿದ್ದವಳನ್ನು ‘ಕಾಶು!’ ಎಂದು ಕೂಗಬೇಕು. ನಮ್ಮ ಸರಸ್ವತಿ ಸರಸು ಆದಂತೆ ಕಂಡರೂ ಇದು ಬೇರೆ: ಸರಸು ಬಂದಳು ಎನ್ನಬಹುದು, ಕಾಶು ಬಂದಳು ಎನ್ನುವಂತಿಲ್ಲ. ಆ ಉಕಾರ ಸಂಬೋಧನೆಯ ಪ್ರತ್ಯಯ. ‘ಕಾಶ್ಕಾ’ ಎಂಬ ರೂಪ ಗೆಳತಿಯರ ನಡುವೆ ಸಲೀಸು, ಪರಿಚಯವಿಲ್ಲದವರ ಬಾಯಲ್ಲಿ ಒರಟು. ಕಚೇರಿಯಲ್ಲಿ ಸಲಿಗೆಯೂ ಗೌರವವೂ ಬೇಕಾದಾಗ ‘ಪಾನಿ ಕಾಶು’ ಎನ್ನುತ್ತಾರೆ. ಪಾನಿ ಎಂದರೆ ಶ್ರೀಮತಿಯವರೇ ಎಂದ ಹಾಗೆ. ಮೊದಲ ಪತ್ರದಲ್ಲೇ ಇದನ್ನು ಬಳಸಬೇಡಿ, ‘ಪಾನಿ ಕತಝಿನೊ’ ಎಂದು ಬರೆಯಿರಿ.

ಪೋಲೆಂಡಿನಲ್ಲಿ ಹುಟ್ಟಿದ ದಿನದಂತೆ ಹೆಸರಿನ ದಿನವೂ ಉಂಟು. ಕತಝಿನಾಗಳಿಗೆ ಅದು ನವೆಂಬರ್ 25, ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹಬ್ಬ. ಜೇನು, ಮಸಾಲೆ ಬೆರೆಸಿದ ಬಿಸ್ಕತ್ತುಗಳಿಗೆ ಹೆಸರಾದ ತೊರೂನ್ ನಗರದಲ್ಲಿ ಒಂದು ಬಗೆಗೆ ‘ಕತಝಿಂಕಿ’ ಎಂದೇ ಹೆಸರು. ಆರು ದುಂಡು ಬಿಲ್ಲೆಗಳನ್ನು ಎರಡು ಸಾಲಾಗಿ ಅಂಟಿಸಿದಂಥ ಆಕಾರ ಅದರದು.