ಚಟ ಇರುವವರಿಗೆ ಅದು ಖುಷಿ ಕೊಡುತ್ತಾ?

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ಈಗಷ್ಟೇ ಹೇಳಿದರು, "ಸಂತೋಷದ ರಾಸಾಯನಿಕ ಡೋಪಮೈನ್" ಬಗ್ಗೆ ನಾನು ಮಾತಾಡುತ್ತೇನೆ ಅಂತ. ಅವರ ಮೇಲೆ ನನಗೆ ಪ್ರೀತಿ ಇದೆ. ಆದರೆ ನಿಜ ಹೇಳಬೇಕಂದ್ರೆ ಆ ಮಾತಿನ ಜೊತೆ ಜಗಳ ಆಡೋಕೇ ನಾನು ಬಂದಿರುವುದು. ಫೋನ್ ತೆಗೆದರೆ ಸಾಕು, ಡೋಪಮೈನ್ ಜಾಸ್ತಿ ಮಾಡಿಕೊಳ್ಳೋದು ಹೇಗೆ, ಡೋಪಮೈನ್ ಉಪವಾಸ ಮಾಡೋದು ಹೇಗೆ ಅಂತ ಉಪದೇಶ. ಇದರಿಂದ ಒಂದು ಹಾನಿ ಆಗಿದೆ. ಚಟಕ್ಕೆ ಬಿದ್ದವರನ್ನು ನೋಡಿ ಎಲ್ಲರೂ "ಇವನು ಮಜಾ ಮಾಡ್ತಿದಾನೆ, ಮಜಾ ಬಿಡೋಕೆ ಮನಸ್ಸಿಲ್ಲ" ಅಂದುಕೊಳ್ಳುತ್ತಾರೆ. ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ಮಜಾ ಎಷ್ಟೋ ವರ್ಷದ ಹಿಂದೆ ಮುಗಿದಿರುತ್ತದೆ. ಆದರೂ ಕೈ ಅತ್ತಲೇ ಹೋಗುತ್ತದೆ. ಬೇಕು ಅನ್ನಿಸುವುದು ಬೇರೆ, ಇಷ್ಟ ಆಗುವುದು ಬೇರೆ. ಇದನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಡೋಪಮೈನ್ ಅಂದರೆ ಮೆದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ಒಂದು ರಾಸಾಯನಿಕ. ಅದಕ್ಕೇ ಮೊದಲು ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ ಅಂತ ನೋಡೋಣ. ನಿಮ್ಮಲ್ಲಿ ಬಹಳ ಜನ ಇದನ್ನು ಓದಿದವರೇ. ಆದರೂ ಆ ಕಪ್ಪೆಯ ಕಥೆ ಹೇಳದೆ ನಾನು ಮುಂದಕ್ಕೆ ಹೋಗಲ್ಲ.

ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ವಿಜ್ಞಾನಿಗಳು ಎರಡು ಪಂಗಡ ಆಗಿದ್ದರು. ನರಗಳು ಬರೀ ವಿದ್ಯುತ್ತಿನಿಂದ ಮಾತಾಡುತ್ತವೆ ಅನ್ನೋರು ಒಂದು ಕಡೆ, ಅಲ್ಲ, ನಡುವೆ ಯಾವುದೋ ರಸ ಸುರಿಯುತ್ತದೆ ಅನ್ನೋರು ಇನ್ನೊಂದು ಕಡೆ. ತಮಾಷೆಗೆ ಇವರನ್ನು ಕಿಡಿಯವರು, ಸೂಪಿನವರು ಅಂತಲೇ ಕರೆಯುತ್ತಿದ್ದರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಆಟೊ ಲೋವಿ ಅಂತ ಒಬ್ಬರಿದ್ದರು. ಇದನ್ನು ಪರೀಕ್ಷೆ ಮಾಡುವ ದಾರಿ ಅವರಿಗೆ ಒಂದು ರಾತ್ರಿ ಕನಸಲ್ಲಿ ಹೊಳೆಯಿತು. ಎದ್ದು ಚೀಟಿ ಮೇಲೆ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದೋಕೆ ಆಗಲಿಲ್ಲ. ಓದಿದ್ದು ವೈದ್ಯಕೀಯ, ಇನ್ನೇನಾಗುತ್ತೆ! ಆ ದಿನವೆಲ್ಲ ತಲೆ ಕೆಡಿಸಿಕೊಂಡರೂ ನೆನಪಾಗಲಿಲ್ಲ. ಅದೃಷ್ಟಕ್ಕೆ ಮಾರನೇ ರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂತು. ಈ ಸಲ ಚೀಟಿ ಗೀಟಿ ಏನಿಲ್ಲ, ನೇರ ಪ್ರಯೋಗಶಾಲೆಗೆ ಹೋದರು.

ಎರಡು ಕಪ್ಪೆಗಳ ಗುಂಡಿಗೆ ತೆಗೆದರು. ಕಪ್ಪೆಯ ಗುಂಡಿಗೆ ಉಪ್ಪುನೀರಲ್ಲಿಟ್ಟರೆ ಹೊರಗೂ ಸ್ವಲ್ಪ ಹೊತ್ತು ಬಡಿಯುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಮೆದುಳಿನಿಂದ ಗುಂಡಿಗೆಗೆ ಬರುವ ವೇಗಸ್ ನರ ಹಾಗೇ ಅಂಟಿಕೊಂಡಿತ್ತು, ಎರಡನೆಯದಕ್ಕೆ ಇರಲಿಲ್ಲ. ನರಕ್ಕೆ ವಿದ್ಯುತ್ ಕೊಟ್ಟರು, ಮೊದಲ ಗುಂಡಿಗೆಯ ಬಡಿತ ನಿಧಾನವಾಯಿತು. ಅದರಲ್ಲೇನೂ ಹೊಸತಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ಆ ಗುಂಡಿಗೆಯಲ್ಲಿದ್ದ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಅದೂ ನಿಧಾನವಾಯಿತು! ಅದಕ್ಕೆ ನರ ಇಲ್ಲ, ಕರೆಂಟು ಮುಟ್ಟಿಲ್ಲ, ಬಂದಿದ್ದು ಬರೀ ನೀರು. ಅಂದರೆ ಆ ನೀರಲ್ಲಿ ಏನೋ ಇದೆ. 1921ರಲ್ಲಿ ಇದು ಪ್ರಕಟವಾಯಿತು. ಆ "ಏನೋ" ಅಸಿಟೈಲ್‌ಕೋಲಿನ್ ಅಂತ ಆಮೇಲೆ ಗೊತ್ತಾಯಿತು. 1936ರಲ್ಲಿ ಲೋವಿಗೂ ಹೆನ್ರಿ ಡೇಲ್ ಅವರಿಗೂ ಒಟ್ಟಿಗೆ ನೊಬೆಲ್ ಬಂತು. 1938ರಲ್ಲಿ ನಾಜಿಗಳು ಲೋವಿಯನ್ನು ಜೈಲಿಗೆ ಹಾಕಿದರು. ಬಹುಮಾನದ ಹಣವನ್ನು ಕಿತ್ತುಕೊಂಡ ಮೇಲೇ ದೇಶ ಬಿಡಲು ಬಿಟ್ಟರು. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ, ಸಿಟ್ಟಿಗೆ ಹೇಳಿದೆ. ಹಾಂ, ಕಿಡಿಯವರು ಪೂರ್ತಿ ತಪ್ಪಲ್ಲ, ನೇರ ವಿದ್ಯುತ್ ಜೋಡಣೆ ಇರುವ ನರಕೋಶಗಳೂ ಇವೆ.

ಸರಿ, ಈಗ ಮೆದುಳಿನ ಒಳಗೆ ಹೋಗೋಣ. ಸುಮಾರು 8,600 ಕೋಟಿ ನರಕೋಶ. ಸುಮ್ಮನಿದ್ದಾಗ ಒಂದೊಂದರ ಒಳಗೂ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ವೋಲ್ಟೇಜು. ಪ್ರಚೋದನೆ ಸಾಕಷ್ಟಾದ ತಕ್ಷಣ ಬಾಗಿಲು ತೆರೆದು ಸೋಡಿಯಂ ಒಳಕ್ಕೆ ನುಗ್ಗುತ್ತದೆ, ವೋಲ್ಟೇಜು ಮೇಲೇರುತ್ತದೆ, ಒಂದೆರಡು ಮಿಲಿಸೆಕೆಂಡಲ್ಲಿ ಮತ್ತೆ ಇಳಿಯುತ್ತದೆ. ಆ ಅಲೆ ನರತಂತುವಿನ ತುದಿವರೆಗೆ ಓಡುತ್ತದೆ. ತುದಿಯಲ್ಲಿ ದಾರಿ ಮುಗಿಯಿತು. ಮುಂದೆ ಸಂದು, ಅಗಲ ಸುಮಾರು 20 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲೊಂದು. ಅಲೆ ತುದಿಗೆ ಬಂದಾಗ ಕ್ಯಾಲ್ಸಿಯಂ ಒಳಗೆ ಬರುತ್ತದೆ, ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಪೊರೆಗೆ ಅಂಟಿ ಒಡೆಯುತ್ತವೆ, ಒಳಗಿದ್ದದ್ದು ಸಂದಿಗೆ ಸುರಿದು ಆಚೆ ದಡದ ನರಕೋಶದಲ್ಲಿ ಸುದ್ದಿ ಹಿಡಿಯುವ ಅಣುಗಳ ಮೇಲೆ, ಅಂದರೆ ಗ್ರಾಹಕಗಳ ಮೇಲೆ ಕೂರುತ್ತದೆ. ಕೆಲಸ ಆದ ಮೇಲೆ ಅದನ್ನು ಗುಡಿಸಬೇಕಲ್ವಾ? ಕೆಲವನ್ನು ಕಿಣ್ವ ಒಡೆದು ಹಾಕುತ್ತದೆ. ಡೋಪಮೈನ್‌ನಂಥವನ್ನು ಸುರಿದ ನರಕೋಶವೇ ಬಹುಪಾಲು ವಾಪಸ್ ಎಳೆದುಕೊಳ್ಳುತ್ತದೆ.

ಹೊರಗಿನ ವಸ್ತು ನುಗ್ಗುವುದು ಈ ಸಂದಿನಲ್ಲೇ. ಲೋವಿಯ ನೀರಲ್ಲಿ ಇದ್ದ ಅಸಿಟೈಲ್‌ಕೋಲಿನ್‌ಗೆ ಮೆದುಳಲ್ಲೂ ಗ್ರಾಹಕಗಳಿವೆ, ಅವುಗಳಲ್ಲಿ ಒಂದು ಬಗೆಯ ಮೇಲೆ ನಿಕೋಟಿನ್ ಬಂದು ಕೂರುತ್ತದೆ. ಸಿಗರೇಟು ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ಮೆದುಳಿಗೆ ಮುಟ್ಟುತ್ತದೆ. ಕೊಕೇನ್ ಡೋಪಮೈನ್ ವಾಪಸ್ ಹೋಗುವ ದಾರಿ ಮುಚ್ಚುತ್ತದೆ, ತೊಟ್ಟಿಯ ತೂಬಿಗೆ ಬಟ್ಟೆ ತುರುಕಿದ ಹಾಗೆ. ಹೆರಾಯಿನ್, ಮಾರ್ಫಿನ್ ಡೋಪಮೈನ್ ಕೋಶಗಳನ್ನು ಹಿಡಿದಿಟ್ಟುಕೊಂಡಿರುವ ಕಾವಲು ಕೋಶಗಳ ಬಾಯಿ ಮುಚ್ಚಿಸುತ್ತವೆ. ಮದ್ಯ ನರಕೋಶಗಳನ್ನು ಸುಮ್ಮನಾಗಿಸುವ ಗಾಬಾ, ಉದ್ರೇಕಿಸುವ ಗ್ಲುಟಮೇಟ್ ಅನ್ನುವ ಎರಡು ರಾಸಾಯನಿಕಗಳಿಗೂ ಕೈ ಹಾಕುತ್ತದೆ. ದಾರಿ ಒಂದೊಂದರದ್ದು ಒಂದೊಂದು, ಆದರೆ ಎಲ್ಲವೂ ಕೊನೆಗೆ ಡೋಪಮೈನನ್ನು ಏರಿಸುತ್ತವೆ.

"ಹಾಗಾದರೆ ಡೋಪಮೈನ್ ಅಂದರೆ ಸುಖವೇ ಆಯ್ತಲ್ಲ" ಅಂತ ಕೇಳಬಹುದು. ಇಲ್ಲಿಗೇ ಬರಬೇಕಿತ್ತು ನಾನು. 1954ರಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಇಲಿಗಳ ಮೆದುಳಿಗೆ ತಂತಿ ಇಟ್ಟರು. ಸನ್ನೆ ಒತ್ತಿದರೆ ಪುಟ್ಟ ಕರೆಂಟು ಬರುವ ಹಾಗೆ ಮಾಡಿದರು. ಇಲಿಗಳು ಒತ್ತಿದ್ದೇ ಒತ್ತಿದ್ದು. ಸುಖದ ಕೇಂದ್ರ ಸಿಕ್ಕಿತು ಅಂತ ಎಲ್ಲರೂ ಅಂದರು. ಆಮೇಲೆ ಕೆಂಟ್ ಬೆರಿಡ್ಜ್ ಮತ್ತವರ ಜೊತೆಗಾರರು ಇಲಿಗಳ ಮೆದುಳಿನ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ನಾಶ ಮಾಡಿ ನೋಡಿದರು. ಆ ಇಲಿಗಳು ಆಹಾರ ಮುಂದಿದ್ದರೂ ಮುಟ್ಟಲಿಲ್ಲ, ನಳಿಕೆಯಲ್ಲಿ ಉಣಿಸದಿದ್ದರೆ ಸತ್ತೇ ಹೋಗುತ್ತಿದ್ದವು. ಆದರೆ ಸಕ್ಕರೆ ನೀರನ್ನು ನೇರ ಬಾಯಿಗೆ ಬಿಟ್ಟಾಗ ಮಾಮೂಲಿ ಇಲಿಯ ಹಾಗೇ ಬಾಯಿ ಚಪ್ಪರಿಸಿದವು. ಇಷ್ಟ ಹಾಗೇ ಇದೆ, ಬೇಕು ಅನ್ನುವುದು ಮಾತ್ರ ಹೋಗಿದೆ. ನೋಡಿದ್ರಾ, ಎರಡೂ ಬೇರೆ!

ಕೋತಿಗಳ ಮೇಲೆ ವೋಲ್ಫ್ರಾಮ್ ಶುಲ್ಟ್ಸ್ ಮಾಡಿದ ಕೆಲಸ ಇದಕ್ಕಿಂತ ಸೊಗಸು. ಹಣ್ಣಿನ ರಸ ಕೊಟ್ಟರೆ ಡೋಪಮೈನ್ ಕೋಶ ಸಿಡಿಯುತ್ತದೆ, ಅಂದರೆ ಪಟಪಟ ಸಂಕೇತ ಕಳಿಸುತ್ತದೆ. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಕೋಶ ದೀಪಕ್ಕೇ ಸಿಡಿಯುತ್ತದೆ, ರಸ ಬಂದಾಗ ಕ್ಯಾರೇ ಅನ್ನಲ್ಲ. ದೀಪ ಹತ್ತಿಸಿ ರಸ ಕೊಡದೆ ಬಿಟ್ಟರೆ ಸರಿಯಾಗಿ ರಸ ಬರಬೇಕಿದ್ದ ಹೊತ್ತಿಗೆ ಆ ಕೋಶ ಮೌನ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದ ಲೆಕ್ಕ ಅದು. ಸಿಕ್ಕಿದ್ದು ರೂಢಿಯಾದರೆ ಕೋಶ ತಣ್ಣಗಾಗಬೇಕು. ಆದರೆ ಮಾದಕ ವಸ್ತು ಆ ಲೆಕ್ಕ ಹಾಕುವ ರಾಸಾಯನಿಕವನ್ನೇ ಏರಿಸುತ್ತದಲ್ಲ? ಪ್ರತಿ ಸಲವೂ "ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು" ಅನ್ನೋ ಸುಳ್ಳು ವರದಿ ಹೋಗುತ್ತದೆ. ಪಾಠ ಗಟ್ಟಿಯಾಗುತ್ತಲೇ ಇರುತ್ತದೆ. ಜಾಗ, ಗೆಳೆಯರು, ಲೈಟರಿನ ಸದ್ದು, ಎಲ್ಲವೂ ಆ ದೀಪವೇ ಆಗಿಬಿಡುತ್ತವೆ. ಇನ್ನೊಂದು ಕಡೆ ಗ್ರಾಹಕಗಳು ಕಡಿಮೆಯಾಗುತ್ತವೆ, ಅಷ್ಟೇ ಪ್ರಮಾಣಕ್ಕೆ ಅಮಲು ಏರಲ್ಲ. ಬೇಕು ಏರುತ್ತಾ ಹೋಗುತ್ತದೆ, ಇಷ್ಟ ಇಳಿಯುತ್ತಾ ಹೋಗುತ್ತದೆ. ಇಂಥವರಿಗೆ "ಮಜಾ ಸಾಕು ಮಾಡು" ಅಂದರೆ ಯಾರಿಗೆ ಹೇಳಿದ ಹಾಗಾಯ್ತು?

ಇನ್ನೂ ಅನುಮಾನ ಇದ್ದರೆ ಪಾರ್ಕಿನ್ಸನ್ ರೋಗಿಗಳನ್ನು ನೋಡಿ. ಡೋಪಮೈನ್ ಕೋಶಗಳು ಸಾಯುತ್ತಾ ಹೋಗಿ ಮೈ ನಡುಗುವ, ಬಿಗಿಯುವ ರೋಗ ಅದು. ಡೋಪಮೈನ್ ಗ್ರಾಹಕಗಳನ್ನು ಎಬ್ಬಿಸುವ ಮಾತ್ರೆ ತೆಗೆದುಕೊಳ್ಳುವ ಕೆಲವರು ಜೂಜಿಗೆ ಬೀಳುತ್ತಾರೆ, ಹಿಂದೆಂದೂ ಆಡದವರೂ ಕೂಡ. ಮಾತ್ರೆ ಕಡಿಮೆ ಮಾಡಿದರೆ ಬಹಳ ಜನರಲ್ಲಿ ಆ ಸೆಳೆತ ಇಳಿಯುತ್ತದೆ. ಇದರಲ್ಲಿ ಶೀಲದ ಪ್ರಶ್ನೆ ಎಲ್ಲಿಂದ ಬಂತು ಹೇಳಿ?

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಉಳಿಯಿತು, ಎಲ್ಲ ಆ ಕಪ್ಪೆಯಿಂದ. ಎರಡು ಮಾತು ಬೇಗ ಹೇಳುತ್ತೇನೆ. ಮೆದುಳು ಬದಲಾಗಿದೆ ಅಂದರೆ ಕಥೆ ಮುಗಿಯಿತು ಅಂತಲ್ಲ. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬ ಹೆರಾಯಿನ್, ಅಫೀಮಿನಂಥವುಗಳ ಚಟಕ್ಕೆ ಬಿದ್ದಿದ್ದ. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಆ ಸೈನಿಕರನ್ನು ಊರಿಗೆ ಮರಳಿದ ಮೇಲೆ ಹುಡುಕಿ ಮಾತಾಡಿಸಿದರು. ಚಟ ಇದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಜಾಗ ಬದಲಾಯಿತು, ಆ ದೀಪಗಳೆಲ್ಲ ಹಿಂದೆ ಉಳಿದವು. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಸಣ್ಣ ಕಾರಣ ಅಲ್ಲ.

ಇನ್ನೊಂದು, ಇದನ್ನು ಮಾತ್ರ ಮರೀಬೇಡಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬಾರದು. ಮದ್ಯದ ಒತ್ತಡಕ್ಕೆ ಎದುರಾಗಿ ಮೆದುಳು ತನ್ನ ಉದ್ರೇಕ ಏರಿಸಿಕೊಂಡಿರುತ್ತದೆ, ಒತ್ತಡ ತಟ್ಟನೆ ಹೋದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ ಆಗಬಹುದು. ಡಾಕ್ಟರ್ ನೋಡಿಕೊಳ್ಳುತ್ತಿರುವಾಗಲೇ ಬಿಡಿಸಬೇಕು. ಮನೆಯವರು ಬಾಟಲಿ ಬಚ್ಚಿಟ್ಟು ಕೋಣೆಗೆ ಬೀಗ ಹಾಕುವುದು ಚಿಕಿತ್ಸೆ ಅಲ್ಲ.

ಮೊಬೈಲ್ ಚಟದ ಭಾಗ ಬಿಟ್ಟೇ ಹೋಯಿತು. ಇರಲಿ, ಯಾರಾದರೂ ಕೇಳೇ ಕೇಳ್ತೀರಿ. ಆ ಹಿಂದಿನ ಸಾಲಿನ ಹುಡುಗಿ ಆಗಲಿಂದ ಕೈ ಎತ್ತಿಕೊಂಡಿದ್ದಾಳೆ, ಮೈಕು ಅವಳಿಗೆ ಕೊಡಿ.