ಕರಡು ಇರುವಾಗಲೇ ಬಾಯಿಬಿಡೋಣ

ಕೇಳುಗರೇ, ನಮಸ್ಕಾರ.

ನಿಯಮವೊಂದು ಜಾರಿಗೆ ಬಂದ ಮೇಲೆ ಬೈಯುವುದರಲ್ಲಿ ನಾವೆಲ್ಲರೂ ಮುಂದು. ಅದು ಇನ್ನೂ ಕರಡಾಗಿದ್ದು, ‘ಆಕ್ಷೇಪಣೆ, ಸಲಹೆಗಳಿದ್ದರೆ ತಿಳಿಸಿ’ ಎಂದು ಸರ್ಕಾರವೇ ಕೇಳುವಾಗ ಮಾತ್ರ ನಮ್ಮ ಸದ್ದಿರುವುದಿಲ್ಲ. ಹಿಂದೆ ಇದಕ್ಕೊಂದು ನೆಪವಿತ್ತು. ಕರಡು ಅಚ್ಚಾಗುತ್ತಿದ್ದ ರಾಜ್ಯಪತ್ರ ವಕೀಲರ ಕಪಾಟು ಬಿಟ್ಟು ಹೊರಬರುತ್ತಿರಲಿಲ್ಲ. ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ, ಉತ್ತರವನ್ನೂ ಅಲ್ಲಿಂದಲೇ ಕಳುಹಿಸಬಹುದು. ಕೇಂದ್ರದ ಮಸೂದೆ ಮತ್ತು ನಿಯಮಗಳ ಕರಡು ಕನಿಷ್ಠ 30 ದಿನ ಜನರ ಮುಂದಿರಬೇಕು ಎಂಬ ನೀತಿ 2014ರಿಂದ ಇದೆ. ಪಾಲನೆಯ ಮಾತು ಬೇರೆ, ಬಿಡಿ.

ಬರೆದು ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಂತರ್ಜಾಲ ಆಧಾರಿತ ಸೇವೆಗಳ ನಿಯಂತ್ರಣ ಕುರಿತು ಜನರ ಅಭಿಪ್ರಾಯ ಕೇಳುವ 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಹೊರತಂದಿತು. ಅದರಲ್ಲಿ 20 ಪ್ರಶ್ನೆಗಳಿದ್ದವು. ಸಾಮಾನ್ಯರು ಎರಡನೆಯ ಪುಟಕ್ಕೇ ಕೈಬಿಡುವಂಥ ಬರಹ. ಕೆಲವು ಉತ್ಸಾಹಿಗಳು ಅದನ್ನು ಅರೆದು ಕುಡಿದು, ಪ್ರತಿ ಪ್ರಶ್ನೆಗೂ ಉತ್ತರ ಸಿದ್ಧಪಡಿಸಿ ಅಂತರ್ಜಾಲದಲ್ಲಿ ಹರಿಯಬಿಟ್ಟರು. ಒಂದು ತಿಂಗಳೊಳಗೆ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಅದೇ ಡಿಸೆಂಬರ್‌ನಲ್ಲಿ ಟ್ರಾಯ್ ಮತ್ತೆ ಕೇಳಿತು: ಬೇರೆ ಬೇರೆ ಜಾಲತಾಣಗಳಿಗೆ ಬೇರೆ ಬೇರೆ ದರ ವಿಧಿಸಬಹುದೇ? ಈ ಬಾರಿ ಫೇಸ್‌ಬುಕ್ ತನ್ನ ‘ಫ್ರೀ ಬೇಸಿಕ್ಸ್’, ಅಂದರೆ ಆಯ್ದ ಕೆಲವು ಜಾಲತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಯೋಜನೆಯ ಪರವಾಗಿ ಬಳಕೆದಾರರಿಂದ ಸಿದ್ಧ ಸಂದೇಶಗಳನ್ನು ಕಳುಹಿಸಿತು. ಲಕ್ಷಗಟ್ಟಲೆ ಬಂದವು. ನಾವು ಕೇಳಿದ ಪ್ರಶ್ನೆಗೆ ಇವುಗಳಲ್ಲಿ ಉತ್ತರವೇ ಇಲ್ಲ ಎಂದಿತು ಟ್ರಾಯ್. 2016ರ ಫೆಬ್ರುವರಿ 8ರಂದು ಇಂಥ ದರ ತಾರತಮ್ಯವನ್ನು ನಿಷೇಧಿಸಿತು.

ನಿಜ ಹೇಳಬೇಕೆಂದರೆ ಎರಡೂ ಕಡೆಯವರು ಸಿದ್ಧ ಪಠ್ಯವನ್ನೇ ಬಳಸಿದ್ದರು. ಆದರೆ ಒಂದು ಕಡೆಯವರು ಕೇಳಿದ್ದಕ್ಕೆ ಉತ್ತರಿಸಿದ್ದರು, ಇನ್ನೊಂದು ಕಡೆಯವರು ಕೈ ಎತ್ತಿದ್ದರಷ್ಟೇ. ಬರೀ ತಲೆ ಎಣಿಸುವ ಆಟ ಇದಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅಂದಹಾಗೆ, ಆ ಮೊದಲ ಸುತ್ತಿನ ಇಮೇಲ್‌ಗಳನ್ನು ಕಳುಹಿಸಿದವರ ಇಮೇಲ್ ವಿಳಾಸ ಸಮೇತ ಟ್ರಾಯ್ ಪ್ರಕಟಿಸಿಬಿಟ್ಟಿತ್ತು. ನಿಮ್ಮ ಪತ್ರವನ್ನು ಲೋಕವೇ ಓದಬಹುದು ಎಂದುಕೊಂಡೇ ಬರೆಯಿರಿ. ಫೋನ್ ನಂಬರ್ ಹಾಕಬೇಡಿ.

ಕರಡು ಕನ್ನಡದಲ್ಲಿಲ್ಲವಲ್ಲ ಎನ್ನುತ್ತೀರಾ? ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಿರಿ. 2020ರ ಪರಿಸರ ಪರಿಣಾಮ ಮೌಲ್ಯಮಾಪನ ಕರಡು ಲಾಕ್‌ಡೌನ್ ನಡುವೆ ಹಿಂದಿ, ಇಂಗ್ಲಿಷ್‌ಗಳಲ್ಲಷ್ಟೇ ಬಂದಿತ್ತು. ಸಾರ್ವಜನಿಕ ಅಹವಾಲಿಗೆ ಜನ ಪ್ರತಿಕ್ರಿಯಿಸಲು ಇದ್ದ 30 ದಿನಗಳನ್ನು 20ಕ್ಕೆ ಇಳಿಸುವ ಪ್ರಸ್ತಾವವೂ ಅದರಲ್ಲಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅದನ್ನು ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರವಾಗಿಲ್ಲ ಎಂಬ ದೂರಿನ ಮೇಲೆ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಕೆಲಕಾಲ ತಡೆಯಿತು.

ಇನ್ನು ಮಲೆನಾಡಿಗೆ ಬರುತ್ತೇನೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಕುರಿತ ಆರನೆಯ ಕರಡು ಬಂದದ್ದು 2024ರ ಜುಲೈ 31ರಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ಊರಿನಿಂದ ಎಬ್ಬಿಸುತ್ತಾರಂತೆ ಎಂದು ಒಂದು ಗುಂಪು ಹೆದರಿತು, ಕಾಡು ಉಳಿದೇಬಿಟ್ಟಿತು ಎಂದು ಇನ್ನೊಂದು ಗುಂಪು ಹಿಗ್ಗಿತು. ಎರಡು ಗುಂಪಿನಲ್ಲೂ ಕರಡು ಓದಿದವರು ಕಡಿಮೆ. ನಿಷೇಧ ಇರುವುದು ಮುಖ್ಯವಾಗಿ ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೆಚ್ಚು ಮಾಲಿನ್ಯದ ಹೊಸ ಕಾರ್ಖಾನೆಗಳ ಮೇಲೆ. ಇರುವ ಮನೆಯ ದುರಸ್ತಿಗೆ ತಡೆಯಿಲ್ಲ.

ಊರುಗಳ ಹೆಸರು ಅದಕ್ಕೆ ಲಗತ್ತಿಸಿದ ಪಟ್ಟಿಯಲ್ಲೇ ಇರುತ್ತದೆ. ಮುಂದಿನ ಬಾರಿ ಇಂಥದ್ದು ಬಂದಾಗ ಮೊದಲು ನಿಮ್ಮ ಊರು ಇದೆಯೇ ನೋಡಿ. ಪರವೋ ವಿರೋಧವೋ, ಯಾವ ಕಲಂ, ಅದರಿಂದ ನಿಮ್ಮ ಊರಿನ ಯಾವ ಹಳ್ಳಕ್ಕೆ, ಯಾವ ತೋಟಕ್ಕೆ ಏನಾಗುತ್ತದೆ ಎಂದು ಒಂದು ಪುಟದಲ್ಲಿ ಬರೆಯಿರಿ. ಓದಲು ಬಾರದ ಹಿರಿಯರಿದ್ದರೆ ಅವರ ಮಾತನ್ನು ಮನೆಯ ಮಕ್ಕಳು ಟೈಪ್ ಮಾಡಿಕೊಡಲಿ. ಎಷ್ಟು ದಿನಗಳ ಅವಕಾಶ ಎಂಬುದು ಕರಡಿನಲ್ಲೇ ಇರುತ್ತದೆ, ಅದು ಮುಗಿಯುವ ಮುನ್ನ ಕಳುಹಿಸಿ.

ನಮಸ್ಕಾರ.