ತಿಥಿಗೆ ಬರುವ ಎಂಎಲ್‌ಎ ಸದನದಲ್ಲಿ ಏನು ಮಾಡುತ್ತಾರೆ?

[ಕ್ಯಾಮೆರಾ ಎದುರು ಟೇಬಲ್. ಮೇಲೆ ಎರಡು ಅಳತೆ ಪಾತ್ರೆ: ಒಂದು ದೊಡ್ಡದು, ಒಂದು ಸ್ವಲ್ಪ ಚಿಕ್ಕದು. ಪಕ್ಕದಲ್ಲಿ ಒಂದು ಬುಟ್ಟಿ ಭತ್ತ.]

ನಮಸ್ಕಾರ. ಹೋದ ತಿಂಗಳು ನಮ್ಮ ದೊಡ್ಡಪ್ಪನ ತಿಥಿ. ಎಲೆ ಹಾಕಿ ಆಗಿತ್ತು, ಪಾಯಸ ಬಡಿಸುತ್ತಿದ್ದರು. ಅಷ್ಟರಲ್ಲಿ ಒಂದು ಬಿಳಿ ಕಾರು ಬಂತು. ಕ್ಷೇತ್ರದ ಶಾಸಕರು! ಫೋಟೋಗೆ ಕೈ ಮುಗಿದರು. ದೊಡ್ಡಮ್ಮನ ಹತ್ತಿರ ಎರಡು ನಿಮಿಷ ಕೂತರು. "ಊಟ ಬೇಡಮ್ಮ, ಇನ್ನೂ ನಾಲ್ಕು ಕಡೆ ಹೋಗಬೇಕು" ಅಂದು ಎದ್ದರು.

ಎದ್ದವರು ಗೇಟಿನ ತನಕ ಹೋಗುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಚಪ್ಪಲಿ ಬಿಟ್ಟ ಜಾಗದಲ್ಲೇ ಜನ ಸುತ್ತಿಕೊಂಡರು. ಒಬ್ಬರದು ವಿಧವಾ ಪಿಂಚಣಿ ನಿಂತಿದೆ. ಇನ್ನೊಬ್ಬರಿಗೆ ಮಗಳ ಹಾಸ್ಟೆಲ್ ಸೀಟು. ನಮ್ಮ ಚಿಕ್ಕಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದಲೇ ಓಡಿ ಬಂದರು. "ಸಾರ್, ಟಿಸಿ, ಅದೇ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಹದಿನೆಂಟು ದಿನ ಆಯ್ತು. ತೋಟ ಒಣಗ್ತಾ ಇದೆ." ಹಿಂದೆ ನಿಂತಿದ್ದ ಪಿಎ ಡೈರಿ ತೆಗೆದು ಬರೆದುಕೊಂಡರು.

ಕಾರು ಹೋದ ಮೇಲೆ ನನ್ನ ತಮ್ಮ ಕೇಳಿದ. "ಅಣ್ಣಾ, ಇವರಿಗೆ ಸಂಬಳ ಕೊಡೋದು ತಿಥಿಗೆ ಬರೋದಕ್ಕಾ? ಕಾನೂನು ಯಾವಾಗ ಮಾಡ್ತಾರೆ?"

ಈ ಪ್ರಶ್ನೆ ನೀವೂ ತುಂಬಾ ಜನ ಕಳಿಸಿದ್ದೀರಿ. ಕೆಲವರು ಇದಕ್ಕಿಂತ ಖಾರವಾಗಿ ಕಳಿಸಿದ್ದೀರಿ, ಅದನ್ನು ಇಲ್ಲಿ ಓದುವುದಿಲ್ಲ.

[ಶೀರ್ಷಿಕೆ ಸಂಗೀತ, ನಾಲ್ಕು ಸೆಕೆಂಡು]

ಶಾಲೆಯ ಪಾಠದ ಭಾಗ ಬೇಗ ಮುಗಿಸಿಬಿಡೋಣ. ನಮ್ಮ ವಿಧಾನಸಭೆಯಲ್ಲಿ 224 ಜನ. ಸದನ ನಡೆಯಬೇಕಾದರೆ ಹತ್ತರಲ್ಲಿ ಒಂದು ಪಾಲು ಜನ ಒಳಗಿರಬೇಕು, ಅಂದರೆ 23. ಅದೂ ಇಲ್ಲದಿದ್ದರೆ ಕೋರಂ ಗಂಟೆ ಹೊಡೆಯುತ್ತದೆ, ಕ್ಯಾಂಟೀನಿನಲ್ಲಿ ಕಾಫಿ ಅರ್ಧಕ್ಕೇ ಬಿಟ್ಟು ಬರಬೇಕು. ಎರಡು ಅಧಿವೇಶನಗಳ ಮಧ್ಯೆ ಆರು ತಿಂಗಳು ದಾಟಬಾರದು, ಇದು ಸಂವಿಧಾನದ ಮಾತು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು, ಇದು 2005ರಲ್ಲಿ ನಮ್ಮ ರಾಜ್ಯವೇ ಮಾಡಿಕೊಂಡ ಕಾನೂನು. ತಾವೇ ಮಾಡಿಕೊಂಡ ಈ ಕಾನೂನನ್ನು ಪಾಲಿಸುವುದು ಅಪರೂಪ ಅನ್ನುವುದು ಬೇರೆ ಮಾತು.

ಸರಿ, ಪೂರ್ತಿ 60 ದಿನ ಸೇರಿತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 305 ದಿನ. ಅಷ್ಟೂ ದಿನ ಶಾಸಕರು ಇರುವುದು ಮದುವೆ ಮನೆ, ಗುದ್ದಲಿ ಪೂಜೆ, ಜಾತ್ರೆ, ತಿಥಿ ಇಂಥ ಕಡೆ. ಹಾಗಾದರೆ ಆ 305 ದಿನಕ್ಕೂ ಈ 60 ದಿನಕ್ಕೂ ಏನು ಸಂಬಂಧ?

ಇದಕ್ಕೆ ಉತ್ತರ ಹುಡುಕುತ್ತಾ ನಾನು ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ಓದಲು ಕೂತೆ. ಒಂದು ಸಂಜೆಗೆ ಅಂತ ಶುರು ಮಾಡಿದ್ದು ಒಂದು ವಾರ ನಡೆಯಿತು. ನಿಜವಾಗಿಯೂ ಮಜಾ ಇದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಒಂದು ಗೆರೆ. ಪ್ರಶ್ನೆಗಳ ಧಾಟಿ ಸುಮಾರು ಒಂದೇ. "ಅ) ಇಂಥ ಊರಿನಲ್ಲಿ ಇಂಥ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?"

ಬಲಗಡೆ ನೋಡಿ. "ಅ) ಬಂದಿರುವುದಿಲ್ಲ. ಆ) ಉದ್ಭವಿಸುವುದಿಲ್ಲ."

[ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ: ಉದ್ಭವಿಸುವುದಿಲ್ಲ]

ಎಷ್ಟು ಚಂದದ ಪದ! ಮುಂದಿನ ಸಲ ಮನೆಯಲ್ಲಿ "ತರಕಾರಿ ತರೋಕೆ ಹೇಳಿದ್ದು ನೆನಪಿದೆಯಾ? ಯಾಕೆ ತರಲಿಲ್ಲ?" ಅಂದರೆ ನೀವೂ ಹೀಗೇ ಹೇಳಿ. ಅ) ಗಮನಕ್ಕೆ ಬಂದಿರುವುದಿಲ್ಲ. ಆ) ಉದ್ಭವಿಸುವುದಿಲ್ಲ. ಊಟ ಉದ್ಭವಿಸುತ್ತದೋ ಇಲ್ಲವೋ, ಅದು ನಿಮ್ಮ ಮನೆ ವಿಷಯ.

ತಮಾಷೆ ಹಾಗಿರಲಿ. "ಬಂದಿರುವುದಿಲ್ಲ" ಅನ್ನುವುದು ಪ್ರತಿ ಸಲವೂ ಸುಳ್ಳೇ ಇರಬೇಕು ಅಂತೇನಿಲ್ಲ. ಸರ್ಕಾರದ ಗಮನ ಅಂದರೆ ಕಡತ. ಕಡತದಲ್ಲಿ ಇಲ್ಲದ್ದು ಸರ್ಕಾರಕ್ಕೆ ಕಾಣುವುದಿಲ್ಲ. ಈಗ ಈ ಪಾತ್ರೆಗಳ ಕಥೆಗೆ ಬರೋಣ.

[ಪ್ರೆಸೆಂಟರ್ ಭತ್ತದ ಬುಟ್ಟಿ ಹತ್ತಿರ ಎಳೆದುಕೊಳ್ಳುತ್ತಾನೆ]

ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು, ಕಾಗೋಡು. 1951. ಅಲ್ಲಿ ಗದ್ದೆ ಜಮೀನ್ದಾರರದು, ಉಳುವವರು ಗೇಣಿದಾರರು. ಸುಗ್ಗಿ ಮುಗಿದ ಮೇಲೆ ಧಣಿಗೆ ಗೇಣಿ ಭತ್ತ ಅಳೆದು ಕೊಡಬೇಕು. ಅಳೆಯುವುದು ಕೊಳಗದಲ್ಲಿ. 20 ಕೊಳಗ ಅಂದರೆ ಒಂದು ಖಂಡುಗ. ಸರಿ ತಾನೇ? ಸರಿಯಿರಲಿಲ್ಲ. ಗೇಣಿ ಅಳೆಯುವ ಕೊಳಗವೇ ಬೇರೆ, ಅದು ಮಾಮೂಲಿ ಕೊಳಗಕ್ಕಿಂತ ದೊಡ್ಡದು.

ಇಲ್ಲಿ ಮಾಡಿಯೇ ತೋರಿಸುತ್ತೇನೆ. ಇವು ಆ ಕಾಲದ ಕೊಳಗಗಳಲ್ಲ, ನಮ್ಮ ಅಮ್ಮನ ಅಡುಗೆಮನೆಯಿಂದ ತಂದ ಪಾತ್ರೆಗಳು. ಸುಮ್ನೆ ಲೆಕ್ಕಕ್ಕೆ, ಈ ದೊಡ್ಡದು ಚಿಕ್ಕದಕ್ಕಿಂತ ಐದರಲ್ಲಿ ಒಂದು ಪಾಲು ಜಾಸ್ತಿ ಅಂತ ಇಟ್ಟುಕೊಳ್ಳೋಣ.

[ದೊಡ್ಡ ಪಾತ್ರೆಯಲ್ಲಿ ಭತ್ತ ತುಂಬಿ ಮೇಲೆ ಕೈಯಾಡಿಸಿ ಸಮ ಮಾಡುತ್ತಾನೆ. ಅದನ್ನು ಚಿಕ್ಕದಕ್ಕೆ ಸುರಿಯುತ್ತಾನೆ. ಭತ್ತ ಉಕ್ಕಿ ಟೇಬಲ್ ಮೇಲೆ ಚೆಲ್ಲುತ್ತದೆ.]

ನೋಡಿ, ಚೆಲ್ಲಿತು. ಇಷ್ಟೇ, ಒಂದು ಬೊಗಸೆ. ಒಂದು ಸಲ ಅಳೆದರೆ ಏನೂ ಅನ್ನಿಸುವುದಿಲ್ಲ. ಇಪ್ಪತ್ತು ಸಲ ಅಳೆಯಿರಿ. ಲೆಕ್ಕದ ಪುಸ್ತಕದಲ್ಲಿ ಏನು ಬರೆಯುತ್ತಾರೆ? 20 ಕೊಳಗ. ಗೇಣಿದಾರನ ಕಣದಿಂದ ಹೋಗಿದ್ದೆಷ್ಟು? ಚಿಕ್ಕ ಕೊಳಗದ ಲೆಕ್ಕದಲ್ಲಿ 24. ಆ ನಾಲ್ಕು ಕೊಳಗ ಯಾವ ಪುಸ್ತಕದಲ್ಲೂ ಇಲ್ಲ. ಬೆಂಗಳೂರಿನಲ್ಲಿ ಕೂತ ಅಧಿಕಾರಿ ಎಷ್ಟೇ ಪ್ರಾಮಾಣಿಕ ಆಗಿರಲಿ, ಎಷ್ಟೇ ಕಡತ ಓದಲಿ, ಅವನಿಗೆ ಕಾಣುವುದು 20. "ಹೆಚ್ಚಿನ ಗೇಣಿ ವಸೂಲಿ ಮಾಡುತ್ತಿರುವುದು ಗಮನಕ್ಕೆ ಬಂದಿದೆಯೇ?" ಬಂದಿರುವುದಿಲ್ಲ. ಉದ್ಭವಿಸುವುದಿಲ್ಲ!

ಇದು ಗೊತ್ತಾಗಬೇಕಾದರೆ ಯಾರಾದರೂ ಕಣದಲ್ಲಿ ನಿಂತು, ಭತ್ತ ಸುರಿಯುವಾಗ ಕೊಳಗವನ್ನು ನೋಡಬೇಕು. ಅಥವಾ ಸುರಿದವನ ಮನೆ ಜಗಲಿ ಮೇಲೆ ಕೂತು ಕೇಳಬೇಕು.

ಹಾಗೆ ಕೂತವರಲ್ಲಿ ಒಬ್ಬರು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ಕಡೆಯವರು, ಸಮಾಜವಾದಿ. ಕಾಗೋಡಿನಲ್ಲಿ ಹೆಚ್. ಗಣಪತಿಯಪ್ಪನವರು ಕಟ್ಟಿದ್ದ ರೈತ ಸಂಘದ ಹೋರಾಟ ಸತ್ಯಾಗ್ರಹ ಆಯಿತು. ಜನ ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮರುವರ್ಷ, 1952ರಲ್ಲಿ, ಮೊದಲ ವಿಧಾನಸಭೆ ಚುನಾವಣೆ. ಮೂವತ್ತು ಕೂಡ ತುಂಬದ ಗೋಪಾಲಗೌಡರು ಸಾಗರ-ಹೊಸನಗರದಿಂದ ನಿಂತರು. ಜೇಬಿನಲ್ಲಿ ದುಡ್ಡಿಲ್ಲ. ಒಂದು ವೋಟು ಕೊಡಿ, ಒಂದು ನೋಟೂ ಕೊಡಿ ಅಂತ ಜನರನ್ನೇ ಕೇಳಿದರು. ಹೌದು, ಸರಿಯಾಗೇ ಕೇಳಿಸಿಕೊಂಡಿರಿ. ಆಗ ನೋಟು ಮತದಾರರಿಂದ ಅಭ್ಯರ್ಥಿ ಕಡೆಗೆ ಹೋಗುತ್ತಿತ್ತು. ಗೆದ್ದರು.

ಸದನದಲ್ಲಿ ಅವರ ಕೈಲಿ ಸರ್ಕಾರ ಇರಲಿಲ್ಲ, ಬಹುಮತ ಇರಲಿಲ್ಲ. ಇದ್ದದ್ದು ಕಾಗೋಡಿನಲ್ಲಿ ಕಂಡದ್ದು, ಕೇಳಿದ್ದು. ಭೂಮಿ ವಿಷಯ ಬಂದಾಗ ಮಂತ್ರಿಗಳು ಕಡತ ನೋಡಿ ಮಾತಾಡಬಹುದು. ಎದುರಿಗೆ ಕಣ ನೋಡಿದವರೊಬ್ಬರು ಕೂತಿದ್ದರೆ ಆ ಮಾತಿನ ಬಿಸಿಯೇ ಬೇರೆ. ನಾನು ಅವರ ಅಭಿಮಾನಿ ಅಂತ ನಿಮಗೆ ಆಗಲೇ ಗೊತ್ತಾಗಿರಬೇಕು, ಮುಚ್ಚುಮರೆ ಇಲ್ಲ. ಆದರೆ ಉಳುವವನಿಗೆ ಭೂಮಿ ಕೊಟ್ಟ ಕಾನೂನು ಅವರೊಬ್ಬರಿಂದ ಆಯಿತು ಅನ್ನುವುದು ತಪ್ಪು. ಭೂಸುಧಾರಣಾ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1965ರಲ್ಲಿ. ಗೇಣಿ ಪದ್ಧತಿಯನ್ನೇ ಕಿತ್ತುಹಾಕಿದ ತಿದ್ದುಪಡಿ ದೇವರಾಜ ಅರಸರ ಕಾಲದ್ದು. ಅದು ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೇಣಿದಾರರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಮಲೆನಾಡಿನಲ್ಲಿ ಹಳಬರು "ಡಿಕ್ಲರೇಷನ್ ಕೊಟ್ಟಿದ್ದು" ಅಂತ ಹೇಳುವುದು ಅದನ್ನೇ.

ಕಾಗೋಡಿನ ಕೊಳಗದಿಂದ ಅಲ್ಲಿಗೆ 23 ವರ್ಷ. ಗೋಪಾಲಗೌಡರು ಅದನ್ನು ನೋಡಲಿಲ್ಲ. 1972ರಲ್ಲೇ ತೀರಿಕೊಂಡರು. ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಎಂದು ಪಟ್ಟು ಹಿಡಿದಿದ್ದವರು ಅವರು. 1973ರ ನವೆಂಬರ್ 1ಕ್ಕೆ ಆ ಹೆಸರು ಬಂದಾಗಲೂ ಇರಲಿಲ್ಲ.

[ಆಫ್ ಕ್ಯಾಮೆರಾ ಒಂದು ಕೆಮ್ಮು. ಪ್ರೆಸೆಂಟರ್ ಪಕ್ಕಕ್ಕೆ ನೋಡುತ್ತಾನೆ.]

ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಬರೀ ಭತ್ತ ಅಳೆಯುವುದಕ್ಕೇ ಅರ್ಧ ವಿಡಿಯೋ ಹೋಯಿತಂತೆ. ಆಯ್ತಪ್ಪಾ, ಇನ್ನು ಓಡೋಣ.

ಇವತ್ತಿನ ಶಾಸಕರ ಕೈಲಿ ಏನೇನಿದೆ? ಮೊದಲನೆಯದು ಪ್ರಶ್ನೆ. ಚುಕ್ಕೆ ಗುರುತಿಲ್ಲದ್ದಾದರೆ ಬರೀ ಲಿಖಿತ ಉತ್ತರ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಆ ಒಂದು ಚುಕ್ಕೆಯ ಬೆಲೆ ಅದು. "ಬಂದಿರುವುದಿಲ್ಲ" ಅಂತ ಮಂತ್ರಿ ಹೇಳಿದ ಕೂಡಲೇ "ಸ್ವಾಮಿ, ಹೋದ ಮಂಗಳವಾರ ನಾನೇ ಅಲ್ಲಿದ್ದೆ" ಅನ್ನಬೇಕಾದರೆ ಹೋದ ಮಂಗಳವಾರ ಅಲ್ಲಿ ಇದ್ದಿರಬೇಕು, ಅಲ್ವಾ? ತಿಥಿ ಮನೆಯ ಗೇಟು ಉಪಯೋಗಕ್ಕೆ ಬರುವುದು ಇಲ್ಲೇ.

ಇನ್ನು ಟೀವಿಯಲ್ಲಿ ಕಾಣುವ ಗಲಾಟೆ. ವಿರೋಧ ಪಕ್ಷದವರು ನಿಯಮ 60ರಡಿ ನಿಲುವಳಿ ಸೂಚನೆ ಕೊಡುತ್ತಾರೆ, ಎಲ್ಲ ಕೆಲಸ ನಿಲ್ಲಿಸಿ ಇದನ್ನೇ ಚರ್ಚೆ ಮಾಡಿ ಅಂತ. ಸಭಾಧ್ಯಕ್ಷರು "ನಿಯಮ 69ರಡಿ ಅವಕಾಶ ಕೊಡುತ್ತೇನೆ" ಅನ್ನುತ್ತಾರೆ, ಅಂದರೆ ಉಳಿದ ಕೆಲಸ ನಿಲ್ಲಿಸದೆ ಚರ್ಚೆ. ಅರವತ್ತು ಕೇಳುವುದು, ಅರವತ್ತೊಂಬತ್ತು ಕೊಡುವುದು. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಇದ್ದ ಹಾಗೆ. ಅದಕ್ಕೆ ಅರ್ಧ ದಿನ ಬೇಕು.

ತಮ್ಮನ ನಿಜವಾದ ಪ್ರಶ್ನೆ ಇದ್ದದ್ದು ಕಾನೂನಿನ ಬಗ್ಗೆ. ಬಹುಪಾಲು ಮಸೂದೆ ತರುವುದು ಸರ್ಕಾರವೇ. ಮಂತ್ರಿ ಅಲ್ಲದ ಶಾಸಕರೂ ಖಾಸಗಿ ಮಸೂದೆ ತರಬಹುದು, ಆದರೆ ಅದು ಪಾಸಾಗುವುದು ತೀರಾ ಅಪರೂಪ. ಸಂಸತ್ತಿನ ಲೆಕ್ಕ ಕೇಳಿ: ಈವರೆಗೆ ಒಟ್ಟು 14 ಖಾಸಗಿ ಮಸೂದೆ ಕಾನೂನಾಗಿವೆ, ಕೊನೆಯದು 1970ರಲ್ಲಿ. ಸರ್ಕಾರಿ ಮಸೂದೆಗೆ ಕೈ ಎತ್ತುವಾಗಲೂ ಪಕ್ಷದ ವಿಪ್, ಅಂದರೆ ಹೀಗೇ ವೋಟು ಹಾಕಿ ಅನ್ನುವ ಆದೇಶ, ಇರುತ್ತದೆ. ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸೀಟೇ ಹೋಗಬಹುದು. ಹಾಗಾಗಿ ವೋಟಿನ ಹೊತ್ತಿಗೆ ಶಾಸಕರು ಸುಮಾರಾಗಿ ತಲೆ ಎಣಿಕೆಗೆ ಅಷ್ಟೇ. ಮಾತಿನ ಹೊತ್ತಿಗೆ ಹಾಗಲ್ಲ. ನನಗೆ ಬೇಸರ ಆಗುವುದು ಮಾತಾಡುವ ದಿನಗಳೇ ಕಡಿಮೆ ಆಗುತ್ತಿರುವುದಕ್ಕೆ. ತಿಥಿಗೆ ಹೋಗುವುದಕ್ಕೆ ನನ್ನ ತಕರಾರಿಲ್ಲ.

ಊರಿನ ಕಡೆಯ ಅಧಿಕಾರ ಒಂದೇ ಉಸಿರಿನಲ್ಲಿ: ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ನಿಧಿ. ಅದು ಅವರ ಕೈಗೆ ಬರುವುದಿಲ್ಲ. ಅವರು ಪಟ್ಟಿ ಕೊಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ತಾಲೂಕು ಮಟ್ಟದ ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆಗೆ ಅವರೇ ಅಧ್ಯಕ್ಷರು. ಅಲ್ಲಿ ಇಲಾಖೆಗಳ ಅಧಿಕಾರಿಗಳೆಲ್ಲ ಫೈಲು ಹಿಡಿದು ಕೂರಬೇಕು. ಹಳ್ಳಿ ಕಡೆ ಇದಕ್ಕಿಂತ ದೊಡ್ಡದು ಬಗರ್‌ಹುಕುಂ ಸಮಿತಿ. ಸರ್ಕಾರಿ ಜಮೀನು ಸಾಗು ಮಾಡಿಕೊಂಡವರು ಹಾಕಿದ ನಮೂನೆ 50, 53, 57ರ ಅರ್ಜಿಗಳು ಈ ಸಮಿತಿ ಮುಂದೆ ಬರುತ್ತವೆ. ಅದಕ್ಕೂ ಶಾಸಕರೇ ಅಧ್ಯಕ್ಷರು. ಉಳುವವನಿಗೆ ಭೂಮಿ ಸಿಗುತ್ತದೋ ಇಲ್ಲವೋ ಅನ್ನುವುದು ಇವತ್ತಿಗೂ ಶಾಸಕರ ಮೇಜಿನ ಮೇಲೇ ಇದೆ. ಇದಕ್ಕೆ ಬೇರೆಯದೇ ವಿಡಿಯೋ ಬೇಕು, ಮಾಡುತ್ತೇನೆ. ಭತ್ತ ತರುವುದಿಲ್ಲ, ಪ್ರಾಮಿಸ್.

ಕೊನೆಗೆ ಒಂದು. ಸದನದಲ್ಲಿ ಮಂತ್ರಿಗಳು "ಮಾಡಿಕೊಡುತ್ತೇವೆ" ಅಂದದ್ದನ್ನು ಬರೆದಿಟ್ಟು ಬೆನ್ನು ಹತ್ತುವುದಕ್ಕೆ ಭರವಸೆಗಳ ಸಮಿತಿ ಅಂತಲೇ ಒಂದು ಇದೆ. ಅರ್ಜಿಗಳ ಸಮಿತಿ ಅಂತ ಇನ್ನೊಂದು. ಇವುಗಳ ಸಭೆಗೆ ಟೀವಿ ಕ್ಯಾಮೆರಾ ಹೋಗುವುದಿಲ್ಲ, ಅದಕ್ಕೇ ನಮಗೆ ಇವುಗಳ ಹೆಸರೂ ಗೊತ್ತಿರುವುದಿಲ್ಲ.

[ಚೆಲ್ಲಿದ ಭತ್ತವನ್ನು ಕೈಯಲ್ಲಿ ಗುಡಿಸಿ ಬುಟ್ಟಿಗೆ ಹಾಕುತ್ತಾ]

ಅಂದ ಹಾಗೆ, ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಟಿಸಿ ಬಂತಂತೆ. ಊರಿನಲ್ಲಿ ಈಗ ಅದೇ ಜಗಳ. ಶಾಸಕರು ಹೇಳಿದ್ದಕ್ಕೆ ಬಂತು ಅಂತ ಒಂದು ಗುಂಪು. ಲೈನ್‌ಮ್ಯಾನ್ ಮೊದಲೇ ಬರೆದು ಕಳಿಸಿದ್ದ, ಅದಕ್ಕೇ ಬಂತು ಅಂತ ಇನ್ನೊಂದು. ಲೈನ್‌ಮ್ಯಾನ್ ಮಾತ್ರ ಎರಡು ಕಡೆಯವರ ಕಾಫಿಯನ್ನೂ ಕುಡಿದು ಸುಮ್ಮನಿದ್ದಾನಂತೆ.